ನೇರ ಸೂರತ್ತಿನಿಂದ

ಇವಳೂ ಮೂಗು ಮುಚ್ಚಿಕೊಂಡಳು, ಕಿಕ್ಕೇರಿ ಬಸ್ಸಿಳಿದು ಹೊನ್ನಪ್ಪನ ಟೀ ಅಂಗಡಿವರೆಗೆ ಬಾಯ್ತುಂಬ ಮಾತಾಡಿಕೊಂಡೇ ಬರುತ್ತಾರೆ, ನನ್ನ ಅಂಗಡಿ ಮುಂದೆ ಮಾತ್ರ ಸೆರಗು, ಟವಲ್ಲು, ಸಿಕ್ಕಿದ್ದು ಮೂಗಿಗೆ, ಥೂ, ನಾನೇನು ಇಲ್ಲಿ ಹೆಣ ಇಟ್ಟುಕೊಂಡಿದ್ದೇನಾ, ಸೀರೆ ಕಣ್ರಮ್ಮಾ ಸೀರೆ — ಆದರೆ ತಲೆ ಮೇಲೆ ಬೋರ್ಡಿದೆಯಲ್ಲ, ಸೂರತ್ ಸೀರೆ ಅಂಗಡಿ, ಕೃಷ್ಣರಾಜಪೇಟೆ, ಅಬ್ಬಾಜಾನ್ ಬರೆಸಿದ್ದು, ಅದರ ಕೆಳಗೆ ನಾನು ಮೆರೆಯುವುದಕ್ಕೆ ಸೇರಿಸಿದ್ದು, ಮಾಲು ನೇರ ಸೂರತ್ತಿನಿಂದ. ಹದಿನೈದು ದಿನದಿಂದ ರೇಡಿಯೋದಲ್ಲಿ ಬೆಳಿಗ್ಗೆ ಸಂಜೆ ಅದೇ, ಸೂರತ್ತಿನಲ್ಲಿ ಪ್ಲೇಗು, ಜನ ರೈಲು ತುಂಬಿ ಓಡುತ್ತಿದ್ದಾರೆ, ಇಲ್ಲಿ ದಸರಾ, ನನ್ನ ಒಂದು ಸೀರೆಯ ಮಡಿಕೆಯನ್ನೂ ಯಾರೂ ಬಿಚ್ಚಿಸಿಲ್ಲ, ಹೊನ್ನಪ್ಪ ಹಲ್ಲು ಕಿಸಿಯುತ್ತಾನೆ, ಸಾಬ್ರೇ, ಗಂಟು ಬಿಚ್ಚುವಾಗ ಇಲಿಗಿಲಿ ನೆಗೆದಾತು, ಉಸಾರು. ನಗು ಕಣಯ್ಯ, ನಿನ್ನ ಟೀಗೇನು ಊರಿನ ಹೆಸರಿದೆಯಾ. ಹೊಟ್ಟೆ ಉರಿಯುವುದು ಇದಕ್ಕೆ — ಈ ಅಂಗಡಿಯಲ್ಲಿ ಸೂರತ್ತಿನ ಒಂದು ಎಳೆ ದಾರವಿಲ್ಲ, ಎಂದೂ ಇರಲಿಲ್ಲ, ಎಲ್ಲಾ ದೊಡ್ಡಬಳ್ಳಾಪುರದ ಮಗ್ಗದ್ದು, ಅಬ್ಬಾಜಾನ್ ವರ್ಷಕ್ಕೊಮ್ಮೆ ಸೂರತ್ತಿಗೆ ಅಂತ ಟ್ರಂಕು ಹಿಡಿದು ಹೊರಟು ದೊಡ್ಡಬಳ್ಳಾಪುರದಲ್ಲೇ ನನ್ನ ಸೋದರತ್ತೆ, ಫೂಫಿಯ ಮನೆಯಲ್ಲಿ ನಾಲ್ಕು ದಿನ ಉಂಡು ಬರುತ್ತಿದ್ದರು, ಆಮೇಲೆ ನಾನೂ, ಯಾರೋ ಕೇಳಿದರು ರೈಲಲ್ಲಿ ಎಷ್ಟು ದಿನ ಶಹಾಬುದ್ದೀನ್ ಸಾಬ್ರೇ, ಒಮ್ಮೆ ಎರಡು ರಾತ್ರಿ ಅಂದೆ, ಒಮ್ಮೆ ಮೂರು. ನಿಜ ಹೇಳಿದರೆ ಪ್ಲೇಗು ಈ ಗಳಿಗೆಯೇ ಹೋಗುತ್ತದೆ, ಜೊತೆಗೆ ನಾನೂ ಹೋಗುತ್ತೇನೆ, ಗೋರಿಯಲ್ಲಿ ಮಲಗಿರುವ ಅಬ್ಬಾಜಾನ್ ಕೂಡ ಸುಳ್ಳರಾಗುತ್ತಾರೆ. ಬೋರ್ಡಿಗೆ ಬಣ್ಣ ಬಳಿಸಿಬಿಡಿ ಜೀ, ಮೈಸೂರು ಸೀರೆ ಅಂತ ಬರೆಸಿ, ಅಸ್ಗರಿ ಬೇಗಂ ರೊಟ್ಟಿ ಬೇಯಿಸುತ್ತಾ ಹೇಳಿದಳು, ಆಹಾ, ಎಂಥ ಹೆಂಡತಿ ಕೊಟ್ಟೆಯಪ್ಪಾ ದೇವರೇ, ಒಂದು ಸುಳ್ಳು ಸಾಲದು ಅಂತ ಇನ್ನೊಂದು.

ಪುಟ್ಟಗೌರಮ್ಮ. ಮೆಟ್ಟಿಲ ಕೆಳಗೇ ನಿಂತಳು, ಇವಳೂ ಮೂಗಿಗೆ ಸೆರಗು, ಮೂವತ್ತು ವರ್ಷದಿಂದ ಒಂದು ರವಿಕೆ ಬಟ್ಟೆಯನ್ನೂ ಬೇರೆ ಕಡೆ ಕೊಳ್ಳದವಳು, ಇವಳು ಎಲ್ಲಿಗೆ ಹೋದರೆ ಅವಳ ಊರಿಗೆ ಊರೇ ಅಲ್ಲಿಗೆ. ಶಾಬು, ಬೇಜಾರ್ ಮಾಡ್ಕಬ್ಯಾಡ ಕಣಪ್ಪ, ಮಗ್ಳು ಅರ್ಪಿತನ ಮದ್ವೆ ಬಟ್ಟೇನ ಮೈಸೂರ್ನಾಗೆ ತಕ್ಕತೀವಿ, ಮನೇಲಿ ಎಲ್ರೂ ಎದ್ರುತಾವ್ರೆ. ತಡೆ ಶಹಾಬುದ್ದೀನ್, ಬೇಡ — ಬಾಯಿ ಕೇಳಬೇಕಲ್ಲ, ಗೌರಕ್ಕಾ, ನನ್ನ ಮಕ್ಕಳಾಣೆ, ಇದ್ಯಾವುದೂ ಸೂರತ್ತಿಂದಲ್ಲ, ದೊಡ್ಡಬಳ್ಳಾಪುರದ್ದು, ಅಬ್ಬಾಜಾನ್ ಕಾಲದಿಂದಲೂ ಅಲ್ಲೀದೇ, ಬಾರಕ್ಕ ಮೇಲೆ. ಸೆರಗು ಇಳಿಯಿತು, ಮೆಟ್ಟಿಲು ಹತ್ತಿದಳು, ಚಾಪೆ ಮೇಲೆ ಕೂತೇಬಿಟ್ಟಳು, ಯಾ ಅಲ್ಲಾ, ಗೆದ್ದೆ, ಕೆಂಪು ತೆಗೆಯಲಾ, ಅರಿಶಿನದ್ದಾ, ಮಡಿಕೆ ಮೇಲೆ ಮಡಿಕೆ ಬಿಚ್ಚಿ ಹರಡಿದೆ, ಅವಳು ಮುಟ್ಟುತ್ತಿಲ್ಲ.

ಅಂಗಾರೆ ನನ್ ಧಾರೆ ಸೀರೆ, ಶಾಬು? ಯಾವುದು ಗೌರಕ್ಕಾ. ನಿಮ್ಮಪ್ಪಾರು ಕೊಟ್ಟುದ್ದು ಕಣ್ಲಾ, ನಿನ್ ಹೆಸ್ರೇಳಿ ಸೂರತ್ನಾಗೆ ನೇಯಿಸ್ಕಂಡು ಬಂದೆ ಗೌರವ್ವ ಅಂದಿದ್ರು, ಪೆಟ್ಗೆನಾಗೆ ಮಡಗಿವ್ನಿ, ಅರ್ಪಿತಂಗೂ ಅದ್ನೇ ಉಡುಸ್ಬೇಕು ಅಂತ. ಅದೊಂದು ನಿಜ ಅನ್ನು, ಅನ್ನೋ ಮುಠ್ಠಾಳ, ಅದೊಂದು ಸಲ ಹೋಗಿದ್ದರು ಅನ್ನು, ಮೂವತ್ತು ವರ್ಷ ಸುಳ್ಳು ಹೇಳಿದ ನಾಲಗೆಗೆ ಇನ್ನೊಂದು ಸುಳ್ಳು ಭಾರವೇ, ಅವಳು ನನ್ನ ಮುಖ ನೋಡುತ್ತಿಲ್ಲ, ಹರಡಿದ ಸೀರೆಯನ್ನೂ ನೋಡುತ್ತಿಲ್ಲ, ಅವಳ ಎರಡು ಬೆರಳು, ಹೆಬ್ಬೆರಳೂ ತೋರುಬೆರಳೂ, ಬಟ್ಟೆಯ ನಯ ನೋಡುವ ಹಾಗೆ ತಿಕ್ಕಿಕೊಳ್ಳುತ್ತಿವೆ, ನಡುವೆ ಬಟ್ಟೆಯಿಲ್ಲ, ಹೇಳು ಶಾಬು ಅಂದಳಾ, ಅನ್ನಲಿಲ್ಲವಾ, ಆ ಬೆರಳು, ತಿಕ್ಕುತ್ತಿವೆ, ನಡುವೆ ಏನೂ ಇಲ್ಲ, ಎರಡು ಬೆರಳು