ಬಾಡಿ ಓನ್ಲಿ

ರಘುನಂದನನ ತಿಥಿ ಮುಗಿದು, ನೆಂಟರೆಲ್ಲ ಕೆ.ಆರ್.ಪೇಟೆ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಪವಿತ್ರ ಎಂದಿನಂತೆ ಹಾಲು ಕಾಯಿಸುತ್ತ ಅಡುಗೆಮನೆಯ ಶೆಲ್ಫನ್ನು ನೋಡಿದಳು. ಗಂಡ ರಘು ಅದಕ್ಕೆ ಮೂರು ಸ್ಕ್ರೂ ಹಾಕಿ, ನಾಲ್ಕನೆಯದನ್ನು ಭಾನುವಾರಕ್ಕೆ ಉಳಿಸಿದ್ದ. ಅದನ್ನು ತಾನೇ ಹಾಕಬೇಕು, ಬೇರೆ ಯಾರೂ ಮುಟ್ಟಕೂಡದು ಎನಿಸಿತು.

ಹಳೇ ಡ್ರಿಲ್ ಬದಲಿಗೆ ವೈರಿಲ್ಲದ ಹೊಸದನ್ನು ತರಿಸಿದವಳು ಅವಳೇ. ಆನ್‌ಲೈನಿನಲ್ಲಿ ‘ಬಾಡಿ ಓನ್ಲಿ’ ಎಂದು ಬರೆದಿದ್ದನ್ನು ಈ ಇಂಗ್ಲಿಷ್ ಎಂ.ಎ. ಪದವೀಧರೆ ‘ಗಟ್ಟಿ ಬಾಡಿ’ ಎಂದು ತಿಳಿದುಕೊಂಡಿದ್ದಳು. ಬಂದ ಡಬ್ಬದಲ್ಲಿ ಬರೀ ಮಿಷನ್ನಿತ್ತು, ಬ್ಯಾಟರಿಯೇ ಇರಲಿಲ್ಲ. ರಘು ಹೊಟ್ಟೆ ಹಿಡಿದುಕೊಂಡು ನಕ್ಕು, ಪಕ್ಕದ ಬೀದಿಯ ಬಡಗಿ ಲೋಕೇಶನಿಂದ ಬ್ಯಾಟರಿ ಎರವಲು ತಂದಿದ್ದ. ಆಸ್ಪತ್ರೆಯಲ್ಲಿ ‘ಬಾಡಿ ತಗೊಂಡೋಗಿ’ ಎಂದಾಗ ಅವಳಿಗೆ ಮೊದಲು ನೆನಪಾದದ್ದು ಆ ಡಬ್ಬ. ಇಂಥ ಹೆಂಡತಿಯೂ ಇರುತ್ತಾಳೆ!

ಆ ಡ್ರಿಲ್ ಹಿಡಿದು ಎಷ್ಟು ಒತ್ತಿದರೂ ಸ್ಕ್ರೂ ಗೋಡೆಗೆ ಹೋಗದೆ ಅವಳ ಕಾಲ ಮೇಲೆ ಬೀಳುತ್ತಿತ್ತು. ಕೊನೆಗೂ ಒಳಗೆ ಸೇರಿತು. ಶೆಲ್ಫು ಸೊಟ್ಟಗಾಯಿತು, ಆದರೆ ನಿಂತಿತು. ಅವಳು ಬ್ಯಾಟರಿ ಕಳಚಿಕೊಂಡು ಲೋಕೇಶನ ಮನೆಗೆ ಹೋದಳು.

“ಇರ್ಲಿ ಬುಡಿ ಅಕ್ಕ, ಈಗ್ಲೇ ಯಾಕ್ ತಂದ್ರಿ? ಮಿಷನ್ನು ಸುಮ್ನೆ ಬಿದ್ದಿರ್ತದೆ.”

“ಬಿದ್ದಿರ್ಲಿ ಲೋಕೇಶ. ಅವರು ಉಳಿಸಿದ್ದ ಕೆಲಸ ಮುಗೀತು.”

ಅವಳ ಕೈಯಲ್ಲಿರುವಾಗಲೇ ಅವನು ಬ್ಯಾಟರಿಯ ಗುಂಡಿ ಒತ್ತಿ ನೋಡಿದ. ಒಂದೇ ಒಂದು ಕೆಂಪು ದೀಪ ಹತ್ತಿತು.

“ಒಂದ್ ಸ್ಕ್ರೂಗೆ ಇಷ್ಟೂ ಖಾಲಿ ಮಾಡ್ಬುಟ್ರಾ?” ಎಂದವನು ತಕ್ಷಣ ನಾಲಗೆ ಕಚ್ಚಿಕೊಂಡ.

“ಅರ್ಧ ಗಂಟೆ ಉಲ್ಟಾ ತಿರುಗಿಸ್ತಿದ್ದೆ ಕಣಪ್ಪ,” ಎಂದು ಪವಿತ್ರ ಬ್ಯಾಟರಿಯನ್ನು ಅವನ ಅಂಗೈಯಲ್ಲಿಟ್ಟು, ತನ್ನ ಕೈ ತೆಗೆದಳು.