ನಮ್ಮ ‘ಎ’, ಅವರ ‘ಇ’

ಗಿಂಕಾ ಇಮೇಲಿನ ಅದೇ ಪತ್ರದ ಮೇಲೆ ಹದಿನೇಳನೇ ಸಲ ಒತ್ತಿದಳು. ಹದಿನೇಳನೇ ಸಲವೂ ಅದೇ ಬಿಳಿ ಪುಟ ಬಂದು, ‘ಸರ್ವರ್‌ನಲ್ಲಿ ದೋಷ, ಪತ್ರ ತೆರೆಯಲಾಗುತ್ತಿಲ್ಲ’ ಎಂದು ಹೇಳಿ ಸುಮ್ಮನಾಯಿತು. ಏನು ದೋಷ, ಎಲ್ಲಿ ದೋಷ ಎಂದು ಹೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು? ಪತ್ರಗಳ ಪಟ್ಟಿಯೇನೋ ಲಕ್ಷಣವಾಗಿ ಕಾಣುತ್ತಿತ್ತು. ಕಳಿಸಿದವರ ಹೆಸರು, ವಿಷಯ, ಸಮಯ ಎಲ್ಲ ಇತ್ತು. ಒಳಗೇನಿದೆ ನೋಡೋಣವೆಂದರೆ ಮಾತ್ರ ಬಿಳಿ ಪುಟ. ಮೇಜಿನ ಮೇಲೆ ಬೆಳಗ್ಗೆ ತಂದಿಟ್ಟ, ಚೀಸ್ ತುಂಬಿದ ಬಾನಿತ್ಸಾ ತಿಂಡಿ ತಣ್ಣಗಾಗಿ ಕಾಗದಕ್ಕೆಲ್ಲ ಎಣ್ಣೆ ಬಿಟ್ಟಿತ್ತು. ತಿನ್ನಲು ಮನಸ್ಸಿರಲಿಲ್ಲ.

ಬಲ್ಗೇರಿಯಾದ ವ್ರಾತ್ಸಾ ಊರಿನ ಆ ಭೂಮಾಪನ ಕಚೇರಿಯಲ್ಲಿದ್ದವರು ಒಟ್ಟು ಐದು ಜನ. ಸರ್ವರ್ ಎಂಬ ಕಪ್ಪು ಡಬ್ಬ ಗಿಂಕಾಳ ಮೇಜಿನ ಕೆಳಗೆ ಇತ್ತು. ಅದನ್ನು ನೋಡಿಕೊಳ್ಳುವ ಕೆಲಸ ಅವಳ ತಲೆಗೆ ಬಂದದ್ದೂ ಅದೇ ಕಾರಣಕ್ಕೆ, ಬೇರೆ ಅರ್ಹತೆಯೇನೂ ಅವಳಿಗಿರಲಿಲ್ಲ. ತಿಳಿದವನೆಂದರೆ ರಾಜಧಾನಿ ಸೋಫಿಯಾದಲ್ಲಿ ಕೂತು ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ವೆಲಿಜಾರ್. ಅವನು ಫೋನಿನಲ್ಲಿ ಹೇಳುತ್ತಿದ್ದ, ಇವಳು ಮಾಡುತ್ತಿದ್ದಳು. ಶುಕ್ರವಾರ ಸಂಜೆಯೂ ಹಾಗೇ ಆಗಿತ್ತು. “ಸೆಟ್ಟಿಂಗ್ ಫೈಲಲ್ಲಿ ಪತ್ರ ಬಿಚ್ಚೋ ಜಾಗದ ಹೆಸರು ಮೂರು ಕಡೆ ಇದೆ, ಮೂರನೇ ಕಡೆ ಬರೀ ಟಿ, ಎಂ, ಪಿ ಅಂತ ಇದೆ ನೋಡಿ ಗಿಂಕಕ್ಕ. ಟಿ ಆದ್ಮೇಲೆ ಒಂದು ಇ ಸೇರಿಸಿ, ಸಾಕು” ಅಂದಿದ್ದ. ಅವಳು ಸೇರಿಸಿ, ಉಳಿಸಿ, ಕೋಟು ಹಾಕಿಕೊಂಡು ಮನೆಗೆ ಹೋಗಿದ್ದಳು. ಸೋಮವಾರ ಬಂದು ನೋಡಿದರೆ ಈ ಅವಸ್ಥೆ.

ಮಾಲೀಕ ಪನಾಯೋತ್ ಬಾಗಿಲಲ್ಲಿ ಬಂದು ನಿಂತ.

“ನಮ್ಮವರಿಬ್ರು ಬೆಟ್ಟದ ಮೇಲೆ ನಿಂತಿದಾರೆ ಗಿಂಕಾ. ಅವರಿಗೆ ಬೇಕಾದ ನಕ್ಷೆ ಆ ಪತ್ರದೊಳಗಿದೆ. ನಾನೇನು ಹೇಳ್ಲಿ ಅವ್ರಿಗೆ, ಮೋಡ ಎಣಿಸ್ತಾ ಕೂತಿರಿ ಅಂತಾನಾ?”

“ನೋಡ್ತಾ ಇದೀನಿ ಸಾರ್.”

“ಬೆಳಗ್ಗೆಯಿಂದ ನೋಡ್ತಾನೇ ಇದೀಯ. ಇದು ಯಾರ ತಪ್ಪು ಅಂತ ಇವತ್ತು ಗೊತ್ತಾಗ್ಬೇಕು. ಯಾರದ್ದೋ ಅವ್ರು ನಾಳೆಯಿಂದ ನನಗೆ ಬೇಡ.”

ಗಿಂಕಾಳಿಗೆ ಐವತ್ತನಾಲ್ಕು ವರ್ಷ. ಈ ಕೆಲಸ ಹೋದರೆ ಈ ಊರಲ್ಲಿ ಇನ್ನೊಂದನ್ನು ಕೊಡುವವರು ಯಾರೂ ಇಲ್ಲ. ಅವನೆದುರಿಗೇ ಫೋನೆತ್ತಿ ವೆಲಿಜಾರನನ್ನು ಹಿಡಿದಳು.

“ಏನಪ್ಪಾ, ಏನು ಮಾಡಿಸಿದೆ ನನ್ ಕೈಲಿ? ನೀನು ಹೇಳಿದ ಹಾಗೇ ಬರ್ದೆ, ಒಂದಕ್ಷರ ಆಚೀಚೆ ಇಲ್ಲ! ಒಂದು ಪತ್ರಾನೂ ತೆಗೀತಿಲ್ಲ!”

“ಅಕ್ಕಾ, ಒಂದ್ ನಿಮಿಷ, ನಿಮ್ಮ ಕೀಬೋರ್ಡು...”

“ಕೀಬೋರ್ಡಂತೆ ಕೀಬೋರ್ಡು! ತಪ್ಪು ನಿನ್ನದು, ನನ್ನ ಕೀಬೋರ್ಡಿಗ್ಯಾಕೆ ಅಂಟಿಸ್ತೀಯಾ? ಹೇಳೋದೇನಿದ್ರೂ ಬರೆದು ಕಳ್ಸು. ನಿನ್ನ ಬಾಯಿಮಾತಿಂದ ಆಗಿದ್ದು ಸಾಕು!”

ಫೋನನ್ನು ಕುಕ್ಕಿದಳು. ಆಮೇಲೆ ಪನಾಯೋತ್ ತನ್ನ ಕೋಣೆಯಿಂದ ವೆಲಿಜಾರನಿಗೆ ಫೋನ್ ಮಾಡಿ ಗಂಭೀರವಾಗಿ ಏನೋ ಮಾತಾಡಿದ್ದು ಗೋಡೆಯಾಚೆಯಿಂದ ಕೇಳಿಸಿತು. ಪಟ್ಟಿಯಲ್ಲಿ ವೆಲಿಜಾರನ ಹೆಸರಿನ ಹೊಸ ಪತ್ರವೊಂದು ಬಂದು ಕೂತಿತು. ಒತ್ತಿದಳು. ಬಿಳಿ ಪುಟ. ಪತ್ರವೇ ತೆರೆಯದ ಕಡೆ ಪತ್ರ ಬರೆಯಲು ಹೇಳಿದ ತನ್ನ ಬುದ್ಧಿಗೆ ತಾನೇ ಹಲ್ಲು ಕಡಿದಳು. ಮತ್ತೆ ಫೋನ್ ಮಾಡಲು ಮಾನ ಅಡ್ಡ ಬಂತು.

ಸರ್ವರನ್ನು ಆರಿಸಿ ಹಚ್ಚಿದಳು, ತಂತಿ ಕಿತ್ತು ಸಿಕ್ಕಿಸಿದಳು, ಬ್ರೌಸರ್ ಬದಲಿಸಿದಳು. ಏನೂ ಆಗಲಿಲ್ಲ. ಮಧ್ಯಾಹ್ನ ಬೇರೆ ದಾರಿ ಕಾಣದೆ ಆ ಸೆಟ್ಟಿಂಗ್ ಫೈಲನ್ನೇ ತೆಗೆದು ಕೂತಳು. ಶುಕ್ರವಾರ ತಿದ್ದಿದ ಪದ ಅಲ್ಲಿ ಮೂರು ಕಡೆ ಕಣ್ಣಿಗೆ ಬಿತ್ತು. ಮೂರೂ ತದ್ರೂಪು. ಮೊದಲನೆಯದನ್ನು ನಕಲಿಸಿ ಹಾಕಿ, ಹುಡುಕು ಎಂದು ಕಂಪ್ಯೂಟರಿಗೆ ಹೇಳಿದರೆ ಅದು ಎರಡೇ ಇವೆ ಎಂದಿತು. ಎರಡು ಹೇಗಾಗುತ್ತದೆ? ಬೆರಳಿಟ್ಟು ಎಣಿಸಿದಳು. ಮೂರು. ಕಂಪ್ಯೂಟರಿಗೆ ಮಾತ್ರ ಅವಳು ತಿದ್ದಿದ ಪದವೇ ಕಾಣುತ್ತಿರಲಿಲ್ಲ.

ಪರದೆಯ ಮೂಲೆ ನೋಡಿದಳು. ಕೀಬೋರ್ಡು ಬಲ್ಗೇರಿಯನ್ನಿನಲ್ಲಿತ್ತು.

ಶುಕ್ರವಾರ ಮನೆಗೆ ಹೋಗುವ ಅವಸರದಲ್ಲಿ ಭಾಷೆ ಬದಲಿಸದೆಯೇ ಒತ್ತಿಬಿಟ್ಟಿದ್ದಳು. ಬಿದ್ದದ್ದು ಇಂಗ್ಲಿಷಿನ ಲ್ಯಾಟಿನ್ ಲಿಪಿಯ ‘ಇ’ ಅಲ್ಲ, ನಮ್ಮ ಬಲ್ಗೇರಿಯನ್ ಲಿಪಿಯ ‘ಎ’. ಕಣ್ಣಿಗೆ ಎರಡೂ ಒಂದೇ ಆಕಾರ, ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಆ ಹೆಸರಿನ ಜಾಗವೇ ಇಲ್ಲದಿದ್ದರೆ ಅದು ಪತ್ರವನ್ನು ಎಲ್ಲಿಟ್ಟು ಬಿಚ್ಚೀತು? ವೆಲಿಜಾರ್ ಹೇಳಿದ್ದು ಸರಿಯಾಗಿಯೇ ಇತ್ತು.

ಅಕ್ಷರವನ್ನು ಅಳಿಸಿ, ಭಾಷೆ ಬದಲಿಸಿ, ಮತ್ತೆ ಒತ್ತಿದಳು. ಪತ್ರಗಳು ಒಂದರ ಹಿಂದೊಂದು ತೆರೆದುಕೊಂಡವು. ಫೈಲಿನಲ್ಲಿ ಮಾತ್ರ ಏನೂ ಬದಲಾದಂತೆ ಕಾಣಲಿಲ್ಲ. ಯಾರು ಬಂದು ನೋಡಿದರೂ ಗೊತ್ತಾಗುವಂತಿರಲಿಲ್ಲ. ಬದುಕಿದೆ ಎಂದುಕೊಂಡಳು, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ನಕ್ಷೆಯನ್ನು ಬೆಟ್ಟದವರಿಗೆ ಕಳಿಸಿ, ವೆಲಿಜಾರನ ಪತ್ರ ತೆರೆದಳು.

“ಗಿಂಕಕ್ಕ, ಮೂಲೆಯಲ್ಲಿರುವ ಭಾಷೆಯ ಗುರುತು ನೋಡಿ. ಆ ಅಕ್ಷರ ನಮ್ಮದು ಬಿದ್ದಿರಬೇಕು, ಎಲ್ಲರ ಕೈಯಲ್ಲೂ ಆಗುತ್ತದೆ. ಸಾಹೇಬರು ಫೋನ್ ಮಾಡಿದ್ದರು. ತಪ್ಪು ನನ್ನದು ಎಂದು ಹೇಳಿದ್ದೇನೆ, ನೀವೂ ಹಾಗೇ ಹೇಳಿ. ನನಗೆ ಇಂಥ ಕಚೇರಿ ಇನ್ನೂ ಏಳೆಂಟಿವೆ. ನಿಮಗೆ ಇದೊಂದೇ.”

ಅವಳು ಅದನ್ನು ಎರಡು ಸಲ ಓದಿದಳು.

ಪನಾಯೋತ್ ಸಿಳ್ಳೆ ಹಾಕುತ್ತಾ ಬಂದ. “ನಕ್ಷೆ ಸಿಕ್ತಂತೆ! ಭೇಷ್ ಗಿಂಕಾ. ಅವನು ಬೆಳಗ್ಗೇನೇ ಒಪ್ಕೊಂಡ, ತಪ್ಪು ತನ್ನದೇ ಅಂತ. ನಾಳೆಯಿಂದ ನಮ್ಮ ಕೆಲಸ ಮಾಡೋದು ಬೇಡ ಅಂತ ಅವನಿಗೊಂದು ಪತ್ರ ಬರಿ, ಸಹಿ ಹಾಕ್ತೀನಿ.”

“ಬರೆಯಲ್ಲ ಸಾರ್.”

“ಏನು?”

“ತಪ್ಪು ಅವನದಲ್ಲ, ನಂದು. ಅವನು ಸರಿಯಾಗೇ ಹೇಳಿದ್ದ. ನಾನು ನಮ್ಮ ಅಕ್ಷರ ಹಾಕ್ಬಿಟ್ಟೆ.” ಪರದೆಯನ್ನು ಅವನತ್ತ ತಿರುಗಿಸಿದಳು. “ಯಾರದ್ದೋ ಅವ್ರು ಬೇಡ ಅಂದ್ರಲ್ಲ. ನಂದು.”

ಪನಾಯೋತ್ ಪರದೆಯ ಮೇಲಿದ್ದ ಪತ್ರವನ್ನು ಬಗ್ಗಿ ಓದಿದ. ಓದಿ ಮುಗಿದರೂ ಬಗ್ಗಿಯೇ ನಿಂತಿದ್ದ.

“ಅವನಿಗೆ ಫೋನ್ ಮಾಡು,” ಎಂದ ಕೊನೆಗೆ. “ಬೆಳಗ್ಗೆ ಬೈದ್ಯಲ್ಲ, ಅಷ್ಟೇ ಜೋರಾಗಿ ಹೇಳು, ತಪ್ಪು ನಂದು ಅಂತ. ನಾಳೆಯಿಂದ ನೀವಿಬ್ರೂ ನನಗೆ ಬೇಕು ಅಂತ ನಾನೂ ಹೇಳೋದಿದೆ.”

ವೆಲಿಜಾರ್ ಮೊದಲ ಗಂಟೆಗೇ ಫೋನೆತ್ತಿದ. “ಹೇಳಿ ಗಿಂಕಕ್ಕ, ಬೈಗುಳ ಇನ್ನೂ ಉಳ್ಕೊಂಡಿದ್ಯಾ?”

ಜೋರಾಗಿ ಹೇಳಬೇಕೆಂದೇ ಅವಳು ಬಾಯಿ ತೆರೆದಳು. ಅಳು ಬಂದುಬಿಟ್ಟಿತು.