ಮೋಹಿನಿ ಪ್ರಾರ್ಥಿಸಿದರು

ಮೋಹಿನಿ ಟೀಚರ್ ಹೆಗಲ ಮೇಲಿನ ಬ್ಯಾಗು ಇಳಿಸದೆ ಹಾಡುತ್ತಾರೆ. ವೇದಿಕೆಯ ಎಡಮೂಲೆಯಲ್ಲಿ, ಹೂಕುಂಡದ ಪಕ್ಕ, ಮೈಕಿನ ಎದುರು ಒಂದು ಕಾಲನ್ನು ತುಸು ಮುಂದಿಟ್ಟು, ಬಸ್ಸು ಬಂದರೆ ಹತ್ತಿಬಿಡುವವರ ಹಾಗೆ ನಿಂತು, ಆ ಕಂದು ರೆಕ್ಸಿನ್ ಬ್ಯಾಗಿನ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈ ಬೆರಳುಗಳಿಂದ ಸೀರೆಯ ನೆರಿಗೆಯ ಮೇಲೆ ಯಾರಿಗೂ ಕಾಣದಷ್ಟು ಮೆಲ್ಲಗೆ ತಾಳ ಹಾಕುತ್ತಾ ಎರಡು ನಿಮಿಷ ಹಾಡಿ, ಕೈಮುಗಿದು, ಮೆಟ್ಟಿಲಿಳಿದು, ನೇರ ಹಿಂಬದಿಯ ಕೋಣೆಗೆ ಹೋಗಿ ಕಾಫಿ ಬಂತೋ ಇಲ್ಲವೋ ನೋಡುತ್ತಾರೆ. ಬ್ಯಾಗಿನೊಳಗೆ ಬೆಂಕಿಪೆಟ್ಟಿಗೆ, ಹತ್ತಿಬತ್ತಿ, ಸೀರೆಪಿನ್ನು, ಸನ್ಮಾನದ ಶಾಲಿನಿಂದ ಬೆಲೆಯ ಚೀಟಿ ಕತ್ತರಿಸಲಿಕ್ಕೆ ಒಂದು ಪುಟ್ಟ ಕತ್ತರಿ, ಮತ್ತು ಒಂದು ಡಬ್ಬಿ ಕರ್ಪೂರ ಇರುತ್ತವೆ. ಬತ್ತಿಯ ತುದಿಗೆ ಚೂರು ಕರ್ಪೂರ ತಿಕ್ಕಿಡದಿದ್ದರೆ ಫೋಟೋದವನು ಕಾದು ನಿಂತಿರುವಾಗ ಗಣ್ಯರ ಕೈಯಲ್ಲಿ ದೀಪ ಹತ್ತುವುದಿಲ್ಲ. ದೀಪ ಹತ್ತದಿದ್ದರೆ ಎಲ್ಲರೂ ತಿರುಗಿ ನೋಡುವುದು ಮೋಹಿನಿ ಟೀಚರನ್ನು.

ಅವರು ಮಣಿಪಾಲದಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಎದ್ದಿರುವ ಒಂದು ಖಾಸಗಿ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಗಾಯನದ ಅಧ್ಯಾಪಕಿ. ಆದರೆ ಊರಿಗೆ ಅವರು ಗೊತ್ತಿರುವುದು ಪ್ರಾರ್ಥನೆಯಿಂದ. ನಮ್ಮ ಕಡೆ ಪ್ರಾರ್ಥನೆಯಿಲ್ಲದೆ ಯಾವ ಸಭೆಯೂ ಶುರುವಾಗುವುದಿಲ್ಲ. ಅದು ಸಹಕಾರಿ ಸಂಘದ ಮಹಾಸಭೆಯಿರಲಿ, ಕಣ್ಣಿನ ತಪಾಸಣೆಯ ಶಿಬಿರವಿರಲಿ, ಹೊಸ ಕ್ಯಾಂಟೀನಿನ ಉದ್ಘಾಟನೆಯಿರಲಿ. ಮರುದಿನದ ಪತ್ರಿಕೆಯಲ್ಲಿ ಗಣ್ಯರ ಮಾತೆಲ್ಲ ಮುಗಿದ ಮೇಲೆ, ಕಾಲಮಿನ ತಳದಲ್ಲಿ, ಪಾತ್ರೆಯ ತಳಕ್ಕೆ ಹಿಡಿದ ಅನ್ನದ ಹಾಗೆ ಮೂರು ವಾಕ್ಯ ಅಂಟಿಕೊಂಡಿರುತ್ತವೆ: ವಿಭಾಗದ ಮುಖ್ಯಸ್ಥ ಕರುಣಾಕರ ಸ್ವಾಗತಿಸಿದರು, ಮೋಹಿನಿ ಪ್ರಾರ್ಥಿಸಿದರು, ಮತ್ತೊಬ್ಬರು ವಂದಿಸಿದರು.

"ನಿನ್ನ ಹೆಸರು ಉಂಟು ಮಾರಾಯ್ತಿ," ಎಂದು ಕಾಪುವಿನ ಮನೆಯ ಜಗಲಿಯಲ್ಲಿ ಕುಳಿತು ಪೇಪರು ಓದುವ ಅತ್ತೆ ಕೂಗಿ ಹೇಳುತ್ತಿದ್ದರು, "ಪ್ರಾರ್ಥಿಸಿದರು ಅಂತ. ಇಡೀ ಜಿಲ್ಲೆಯ ಪಾಪವನ್ನು ನೀನೊಬ್ಬಳೇ ತೊಳೆಯುವುದಾ?"

ಈ ತಮಾಷೆಗೆ ಮೋಹಿನಿ ಟೀಚರೂ ನಗುತ್ತಿದ್ದರು. ನಗದೆ ಏನು ಮಾಡುವುದು? ಕಾರ್ಕಳದಲ್ಲಿ, ಹುಡುಗಿಯಾಗಿದ್ದಾಗ ಅವರಿಗೆ ಪಾಠ ಹೇಳಿದ ಮುದುಕ ಮೇಷ್ಟ್ರು ಒಂದು ಮಾತು ಹೇಳಿದ್ದರು: "ಮಗಾ, ನಿನ್ನದು ತಡವಾಗಿ ಬಿಚ್ಚುವ ಸ್ವರ. ಅರ್ಧ ಗಂಟೆ ಹಾಡಿದ ಮೇಲೆ ಅದು ಏಳುತ್ತದೆ. ಅವಸರದ ಜನರ ಎದುರು ಹಾಡಬೇಡ." ಆ ಮಾತನ್ನು ಹೊತ್ತುಕೊಂಡೇ ಮದುವೆಯಾಗಿ, ಮಗಳನ್ನು ಹೆತ್ತು, ಅವಳನ್ನು ದೊಡ್ಡವಳು ಮಾಡಿ ಕಳಿಸಿ, ಐವತ್ತರ ಹತ್ತಿರ ಬಂದ ಈ ಹೆಂಗಸು ತನ್ನ ಬದುಕನ್ನೆಲ್ಲ ಅವಸರದ ಜನರ ಎದುರೇ ಹಾಡಿದರು. ಅವರ ಎದ್ದ ಸ್ವರವನ್ನು ಕೇಳಿದವರು ಯಾರೂ ಇರಲಿಲ್ಲ. ಕೇಳಿದ್ದು ಅಡುಗೆಮನೆಯ ಗ್ರೈಂಡರು ಮಾತ್ರ. ಬೆಳಗಿನ ಜಾವ ದೋಸೆಗೆ ಅಕ್ಕಿ, ಪದಾರ್ಥಕ್ಕೆ ಕಾಯಿ ಎಂದು ಅದು ತಿರುಗುವಾಗ, ಅವರ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗಿದ್ದ ಅದರ ಗುಂಯ್ ಸದ್ದಿಗೆ ತಮ್ಮ ಷಡ್ಜವನ್ನು ತಗ್ಗಿಸಿ ಸೇರಿಸಿ, ಹಿಟ್ಟನ್ನು ಬೆರಳಲ್ಲಿ ಒಳಕ್ಕೆ ದೂಡಿಕೊಡುತ್ತಾ ಭೈರವಿ ಹಾಡುತ್ತಿದ್ದರು. ಅಕ್ಕಿ ನುಣ್ಣಗಾದರೆ ರಾಗ ಮುಗಿಯಿತು. ನುಣ್ಣಗಾದ ಮೇಲೂ ತಿರುಗಿಸಿದರೆ ಜಗಲಿಯಿಂದ ದನಿ ಬರುತ್ತಿತ್ತು: "ಅದೆಂತ, ಗಂಧ ತೇಯುವುದಾ?"

ಗಂಡ ಕೆಟ್ಟವನಲ್ಲ. ಬ್ಯಾಂಕಿನಲ್ಲಿ ಕೆಲಸ, ಹೆಂಡತಿ ಹಾಡುತ್ತಾಳೆ ಎಂಬ ಹೆಮ್ಮೆ ಉಂಟು. ನೆಂಟರ ಗೃಹಪ್ರವೇಶಕ್ಕೆ ಹೋದರೆ, "ಮೋಹಿನಿ, ಒಂದು ಹಾಡು ಹೇಳು," ಎಂದು ಅವನೇ ಮುಂದೆ ದೂಡುತ್ತಾನೆ. ಎರಡನೆಯ ಸಾಲಿಗೆ ಬರುವಾಗ ಪಕ್ಕದವರ ಹತ್ತಿರ ಸೈಟಿನ ಬೆಲೆ ವಿಚಾರಿಸುತ್ತಿರುತ್ತಾನೆ.

ವಿಭಾಗದಲ್ಲೂ ಮನೆಯೇ ಇನ್ನೊಂದು ರೂಪದಲ್ಲಿ ನಡೆಯುತ್ತಿತ್ತು. ಪಿಟೀಲಿನ ಜೇಮ್ಸ್ ಕಚೇರಿ ಮಾಡಿದ, ಮೃದಂಗದವರು ಮಾಡಿದರು, ಮುಖ್ಯಸ್ಥ ಕರುಣಾಕರರು ಸಂಗೀತದ ಬಗ್ಗೆ ಭಾಷಣ ಮಾಡಿದರು. ಹಣ್ಣಿನ ಬುಟ್ಟಿ, ಹೂವು, ಊಟದ ಎಲೆ, ದಾನಿಗಳ ಹೆಂಡತಿಯರನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಇದೆಲ್ಲ ಮೋಹಿನಿ ಮೇಡಂ. "ನಿಮ್ಮ ಹಾಗೆ ನೀಟಾಗಿ ಯಾರಿಗೂ ಬರುವುದಿಲ್ಲ ಮೇಡಂ," ಎನ್ನುತ್ತಿದ್ದರು ಕರುಣಾಕರರು, ಹೊಗಳುವಾಗಲೇ ಮುಂದಿನ ಕೆಲಸವನ್ನೂ ಕೈಗೆ ಕೊಡುತ್ತಾ. ದಾನಿಗಳ ಸ್ಕಾಲರ್‌ಶಿಪ್ಪಿನಲ್ಲಿ ಓದುವ ಹುಡುಗಿಯರು ಸೀರೆ ಉಟ್ಟು, ಹೂವಿನ ತಟ್ಟೆ ಹಿಡಿದು ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕಿತ್ತು. ಅದೇ ಸ್ಕಾಲರ್‌ಶಿಪ್ಪಿನ ಹುಡುಗರು ನಾಲ್ಕು ಕುರ್ಚಿ ಸರಿಸಿ ಹಿಂದಿನ ಸಾಲಿನಲ್ಲಿ ಮೊಬೈಲು ನೋಡಬಹುದಿತ್ತು.

ಹಾಗೆ ತಟ್ಟೆ ಹಿಡಿಯುವ ಹುಡುಗಿಯರಲ್ಲಿ ಅನ್ನಪೂರ್ಣ ಒಬ್ಬಳು. ಅಪ್ಪ ಅವ್ವ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಉಡುಪಿಗೆ ಬಂದು ನೆಲೆಸಿದವರು. ಅವಳು ಸೇರಿದ ವರ್ಷ ಒಂದು ದಿನ ತರಗತಿಯ ಗಂಟೆಯ ಸ್ವಿಚ್ಚು ಕೆಟ್ಟಿತು. ಗಂಟೆ ಹೊಡೆಯಲಿಲ್ಲ, ಯಾರೂ ಕರೆಯಲಿಲ್ಲ, ಮೋಹಿನಿ ಟೀಚರಿಗೆ ಹೊತ್ತು ತಿಳಿಯಲಿಲ್ಲ. ಪಾಠವೆಂದು ಶುರುವಾದ ಭೈರವಿ ಅರ್ಧ ಗಂಟೆ ದಾಟಿತು. ದಾಟಿದ ಮೇಲೆ, ಕಾರ್ಕಳದ ಮೇಷ್ಟ್ರು ಹೇಳಿದ್ದು ನಿಜವಾಯಿತು. ಕೊರಳೊಳಗೆ ಬಹಳ ಕಾಲದಿಂದ ಜಡಿದಿದ್ದ ಒಂದು ಕೋಣೆ ತೆರೆದ ಹಾಗೆ, ದಪ್ಪನೆಯ, ತುಸು ಒರಟಾದ, ಯಾರನ್ನೂ ಮೆಚ್ಚಿಸುವ ಹಂಗಿಲ್ಲದ ಒಂದು ನಾದ ಹೊರಬಂದು ಆ ಸಿಮೆಂಟಿನ ಕೋಣೆಯನ್ನೆಲ್ಲ ತುಂಬಿತು. ಮುಗಿದಾಗ ಹುಡುಗಿಯರು ಪುಸ್ತಕ ಮುಚ್ಚುವುದನ್ನೂ ಮರೆತು ಕುಳಿತಿದ್ದರು.

"ಮೇಡಂ," ಎಂದಳು ಅನ್ನಪೂರ್ಣ, "ಇಷ್ಟ ದಿನ ನೀವು ನಮಗ ಬರೇ ಬಾಗಲಾ ತೋರಿಸೀರಿ ನೋಡ್ರಿ. ಮನಿ ಒಳಗ ಕರಕೊಂಡ ಹೋಗಿದ್ದೇ ಇಲ್ಲ."

ಮೋಹಿನಿ ಟೀಚರಿಗೆ ಆ ರಾತ್ರಿ ಊಟ ಸೇರಲಿಲ್ಲ. ಸಂತೋಷಕ್ಕೋ, ಹೆದರಿಕೆಗೋ ಅವರಿಗೇ ಗೊತ್ತಾಗಲಿಲ್ಲ. ತಾನೊಂದು ಪೂರ್ತಿ ಕಚೇರಿ ಹಾಡಬೇಕು ಎಂಬ ಆಸೆ, ಹೆರಿಗೆಯ ನೋವಿನ ಹಾಗೆ, ಒಮ್ಮೆ ಶುರುವಾದದ್ದು ಮತ್ತೆ ನಿಲ್ಲಲಿಲ್ಲ.

ಅದಕ್ಕೆ ದಾರಿ ತೋರಿದವರು ಹೆಜಮಾಡಿಯ ಶೇಖರ ಸಾಲ್ಯಾನರು. ದುಬೈಯಲ್ಲಿ ಹೋಟೆಲು ನಡೆಸುವ ಅವರು ತೀರಿಹೋದ ತಾಯಿ ಸುಂದರಿಯ ಹೆಸರಿನಲ್ಲಿ ವಿಭಾಗಕ್ಕೆ ಒಂದು ಸಭಾಂಗಣ ಕಟ್ಟಿಸಿಕೊಟ್ಟರು. ಶಿಲಾನ್ಯಾಸದ ದಿನ ಪ್ರಾರ್ಥನೆ ಕೇಳಿ ಹಿಂಬದಿಯ ಕೋಣೆಗೇ ಹುಡುಕಿಕೊಂಡು ಬಂದು, ಕಾಫಿಯ ಲೋಟ ಎಣಿಸುತ್ತಿದ್ದ ಮೋಹಿನಿ ಟೀಚರ ಎದುರು ನಿಂತು, ಹೇಳಿದರು:

"ಟೀಚರ್, ನಮ್ಮ ಅಮ್ಮ ಮೀನು ಮಾರಿ ಬಂದು ಮೀನು ಕೊಯ್ಯುತ್ತಾ ಪದ ಹೇಳುತ್ತಿದ್ದರು. ಒಂದು ಪದವನ್ನೂ ನಾನು ಕೊನೆಯವರೆಗೆ ಕೇಳಿದ್ದಿಲ್ಲ. ನಡುವೆ ಯಾರಾದರೂ ಕರೆಯುತ್ತಿದ್ದರು, ಹೆಚ್ಚಾಗಿ ನಾನೇ. ಹಾಲ್ ಓಪನ್ ಆಗುವ ದಿನ ನೀವು ಒಂದು ಗಂಟೆ ಹಾಡಬೇಕು. ಪೂರ್ತಿ."

ಆ 'ಪೂರ್ತಿ' ಎಂಬ ಶಬ್ದವನ್ನು ಮೋಹಿನಿ ಟೀಚರ್ ಬಸ್ಸಿನಲ್ಲಿ, ಉಡುಪಿಯಲ್ಲಿ ಬಸ್ಸು ಬದಲಿಸುವಾಗ, ಕಾಪುವಿನಲ್ಲಿ ಇಳಿದು ನಡೆಯುವಾಗ, ತಿಂಗಳುಗಟ್ಟಲೆ ಬಾಯಲ್ಲಿ ಕಲ್ಲುಸಕ್ಕರೆಯಂತೆ ಹೊರಳಿಸಿದರು. ಗ್ರೈಂಡರಿನಲ್ಲಿ ಅಕ್ಕಿ ಗಂಧದಂತೆ ನುಣ್ಣಗಾಗತೊಡಗಿತು. ದೋಸೆಗಳು ಹರಿದುಹೋದವು. "ನಿನಗೆ ಎಂತ ಆಗಿದೆ?" ಎಂದು ಗಂಡ ಕೇಳಿದ. "ಕಚೇರಿ ಉಂಟು," ಎಂದರು ಟೀಚರ್. ಒಂದು ಗಂಟೆ ಹೊತ್ತು ಹಾಡಲಿಕ್ಕೆ ಅಷ್ಟೊಂದು ಎಂತ ಉಂಟು ಎಂದು ಅತ್ತೆಗೆ ಪ್ರಾಮಾಣಿಕವಾಗಿ ಆಶ್ಚರ್ಯವಾಯಿತು.

ಉದ್ಘಾಟನೆಯ ದಿನ ಮಟ್ಟುಗುಳ್ಳ ಬದನೆಯ ಹುಳಿ ಮಾಡಿಟ್ಟು, ಅನ್ನವನ್ನು ಕ್ಯಾಸರೋಲಿಗೆ ತುಂಬಿಸಿ ಹೊರಟರು.

"ರಾತ್ರಿಗೆ?" ಎಂದ ಗಂಡ.

"ಹುಳಿ ಉಂಟು. ಬಿಸಿ ಮಾಡಿದರೆ ಆಯಿತು."

"ಬಿಸಿ ಮಾಡಬೇಕಾ?"

ಸಭಾಂಗಣಕ್ಕೆ ಬಂದು ಬತ್ತಿಗೆ ಕರ್ಪೂರ ತಿಕ್ಕಿ, ಶಾಲುಗಳ ಚೀಟಿ ಕತ್ತರಿಸಿ, ಊಟದವನಿಗೆ ಲೆಕ್ಕ ಹೇಳಿ ಮುಗಿಸುವಾಗ ಸುದ್ದಿ ಬಂತು: ಸಾಲ್ಯಾನರ ವಿಮಾನ ಮಂಗಳೂರಿಗೆ ತಡವಾಗಿ ಇಳಿದಿದೆ. ಜನ ಬಂದು ಕುಳಿತಿದ್ದರು. ಕರುಣಾಕರರು ಹಣೆ ಒರೆಸಿಕೊಂಡು ಬಂದರು.

"ಸುಮ್ಮನೆ ಕೂತರೆ ಜನ ಎದ್ದು ಹೋಗುತ್ತಾರೆ ಮೇಡಂ. ನಿಮ್ಮ ಕಚೇರಿ ಈಗಲೇ ಆಗಲಿ. ಅವರು ಬಂದರೂ ನೀವು ನಿಲ್ಲಿಸಬೇಡಿ, ಒಂದು ಗಂಟೆ ನಿಮ್ಮದೇ. ದೀಪ, ಪ್ರಾರ್ಥನೆ, ಭಾಷಣ ಎಲ್ಲ ಆಮೇಲೆ. ಪ್ರಾರ್ಥನೆ ಅನ್ನಪೂರ್ಣ ಹೇಳಲಿ."

ವೇದಿಕೆ ಹತ್ತುವಾಗ ಅನ್ನಪೂರ್ಣ ಕೈ ಚಾಚಿದಳು. "ಬ್ಯಾಗ್ ಕೊಡ್ರಿ ಇಲ್ಲಿ." ಕೊಟ್ಟರು. ಹಗುರವಾದ ಹೆಗಲು ಅವರಿಗೆ ಬೇರೆ ಯಾರದೋ ಎನ್ನಿಸಿತು. ತಂಬೂರಿ ಹಿಡಿದು ಹಿಂದೆ ಕುಳಿತ ಅನ್ನಪೂರ್ಣ ಬ್ಯಾಗನ್ನು ಮೊಣಕಾಲಿನ ಪಕ್ಕ ಇಟ್ಟುಕೊಂಡು ಪಿಸುಗುಟ್ಟಿದಳು: "ಮೇಡಂ, ಗಣಪತಿದು ಮೊದಲಿಗಿ ಹಾಡಬ್ಯಾಡ್ರಿ. ಮತ್ತ ಪ್ರಾರ್ಥನಿ ಆಗ್ತದ." ಜೇಮ್ಸ್ ಕಮಾನು ಹಿಡಿದು ಗೊಳ್ಳನೆ ನಕ್ಕ. ಆದರೆ ವೇದಿಕೆಯ ಕೆಳಗಿದ್ದ ಕರುಣಾಕರರಿಗೆ ಅದು ಕೇಳಿಸಿತು. "ವಿಘ್ನೇಶ್ವರನನ್ನು ಬಿಟ್ಟು ಶುರು ಮಾಡುವುದಾ ಮಾರಾಯ್ರೆ? ಹೊಸ ಹಾಲ್ ಅಲ್ವಾ!" ಎಂದರು. ಮೋಹಿನಿ ಟೀಚರ್ ವಾದ ಮಾಡಲಿಲ್ಲ. ಗಣಪತಿಗೆ ಹತ್ತು ನಿಮಿಷ, ಆಮೇಲೆ ಭೈರವಿ ತನ್ನದೇ ಎಂದುಕೊಂಡರು.

ಹಂಸಧ್ವನಿಯಲ್ಲಿ ಪಲ್ಲವಿ ಎತ್ತಿದರು. ಸ್ವರ ಇನ್ನೂ ಬಿಗಿಯಾಗಿತ್ತು, ಆದರೆ ಆಳದಲ್ಲೆಲ್ಲೋ ಅಗುಳಿ ಅಲುಗುವುದು ಅವರಿಗೆ ಗೊತ್ತಾಗುತ್ತಿತ್ತು. ಜೇಮ್ಸ್ ತಲೆದೂಗಿದ. ಅನುಪಲ್ಲವಿ ಮುಗಿದು ಪಲ್ಲವಿಗೆ ಮರಳಿದ ಹೊತ್ತಿಗೆ ಬಾಗಿಲಲ್ಲಿ ಹೂವಿನ ತಟ್ಟೆಯ ಸಾಲು ಅಲುಗಿತು. ಕ್ಯಾಮೆರಾದವರು ಓಡಿದರು. ಶೇಖರ ಸಾಲ್ಯಾನರು ಬಾಗಿಲಲ್ಲಿ ಕಾಣಿಸಿಕೊಂಡರು. ಅವರು ನಿಜಕ್ಕೂ ಅಲ್ಲೇ ನಿಂತು, ಎದ್ದವರನ್ನೆಲ್ಲ ಕೂರಿ ಕೂರಿ ಎಂದು ಕೈಸನ್ನೆ ಮಾಡಿದರು. ಆದರೆ ಗಣ್ಯರು ಬಾಗಿಲಿಗೆ ಬಂದರೆಂದರೆ ಹಾಡು ಮುಗಿಯಬೇಕು ಎಂಬುದು ಮೋಹಿನಿ ಟೀಚರ ಬುದ್ಧಿಗಲ್ಲ, ಕೊರಳಿಗೆ ಗೊತ್ತಿತ್ತು. ಹಾಲು ಉಕ್ಕುವ ಮೊದಲೇ ಒಲೆಯ ಕಡೆ ಚಾಚುವ ಕೈಯ ಹಾಗೆ ಅದು ಯಾರನ್ನೂ ಕೇಳಲಿಲ್ಲ. ಪಲ್ಲವಿಯ ಕೊನೆಯ ಶಬ್ದವನ್ನು ಅಭ್ಯಾಸದಂತೆ ತುಸು ಎಳೆದು, ಅಂದವಾಗಿ ಷಡ್ಜಕ್ಕಿಳಿಸಿ, ಅವರು ಕೈಮುಗಿದು ಎದ್ದುಬಿಟ್ಟರು.

ಜೇಮ್ಸನ ಕಮಾನು ಗಾಳಿಯಲ್ಲೇ ಉಳಿಯಿತು. ಮೃದಂಗ ಎರಡು ಪೆಟ್ಟು ಹೆಚ್ಚಿಗೆ ನುಡಿದು ನಾಚಿಕೊಂಡಿತು. "ಮೇಡಂ, ಇನ್ನೂ ಉಂಟಲ್ಲ, ಕೂತುಕೊಳ್ಳಿ," ಎಂದ ಜೇಮ್ಸ್. ಅಷ್ಟರಲ್ಲಿ ಸಭೆ ಚಪ್ಪಾಳೆ ತಟ್ಟಿತ್ತು. ಯಾರಿಗೂ ಏನೂ ತಪ್ಪಿದಂತೆ ಕಾಣಲಿಲ್ಲ. ನಿರೂಪಣೆಯ ಹುಡುಗಿ ಮೈಕು ಹಿಡಿದು, "ಸುಶ್ರಾವ್ಯವಾಗಿ ಪ್ರಾರ್ಥಿಸಿದ ಮೋಹಿನಿ ಮೇಡಂ ಅವರಿಗೆ ಧನ್ಯವಾದಗಳು. ಈಗ ಸ್ವಾಗತ ಭಾಷಣ," ಎಂದಳು. ಕರುಣಾಕರರು ಒಂದು ಕ್ಷಣ ಗೊಂದಲದಿಂದ ಮೋಹಿನಿ ಟೀಚರ ಮುಖ ನೋಡಿದರು. ಎದ್ದು ನಿಂತವರನ್ನು ಮತ್ತೆ ಕೂರಿಸುವುದಕ್ಕಿಂತ ಸ್ವಾಗತಿಸುವುದೇ ಸುಲಭವಾದ್ದರಿಂದ ಸ್ವಾಗತಿಸಿದರು.

ಹಿಂದೆ ತಂಬೂರಿ ಮಾತ್ರ ಇನ್ನೂ ಮೀಟುತ್ತಲೇ ಇತ್ತು. "ಯಾಕ್ರಿ ಮೇಡಂ? ಯಾಕ ಮುಗಿಸಿಬಿಟ್ರಿ?" ಅನ್ನಪೂರ್ಣಳ ಕಣ್ಣು ತುಂಬಿತ್ತು. ಮೋಹಿನಿ ಟೀಚರ ಎಡಗೈ ಹೆಗಲಿಗೆ ಹೋಯಿತು, ಅಲ್ಲಿ ಪಟ್ಟಿ ಇರಲಿಲ್ಲ. "ಬ್ಯಾಗು ಕೊಡು," ಎಂದರು. ಕರುಣಾಕರರು ಆಮೇಲೆ ಅನ್ನಪೂರ್ಣಳಿಗೆ, "ಪ್ರಾರ್ಥನೆ ಆಯಿತಲ್ಲ, ಇನ್ನೊಂದು ಯಾಕೆ? ನೀನು ತಟ್ಟೆ ಹಿಡಿ," ಎಂದರು.

ಭಾಷಣ, ಸನ್ಮಾನಗಳು ಮುಗಿದವು. ದೀಪ ಒಂದೇ ತಾಗುವಿಕೆಗೆ ಹತ್ತಿಕೊಂಡಿತ್ತು. ಊಟದ ಮೇಜಿನ ಬಳಿ ಸಾಲ್ಯಾನರು ಹುಡುಕಿಕೊಂಡು ಬಂದರು.

"ಪ್ರಾರ್ಥನೆ ಭಾರೀ ಪೊರ್ಲು, ಚಂದ ಆಯಿತು ಟೀಚರ್! ಕಚೇರಿ ಎಷ್ಟು ಹೊತ್ತಿಗೆ? ನಾನು ಅದಕ್ಕೇ ಬಂದದ್ದು. ಅಮ್ಮನ ಫೋಟೋ ಎದುರಿಗೇ ಕೂರುತ್ತೇನೆ."

ಒಂದು ಮಾತು ಸಾಕಿತ್ತು. ಕುರ್ಚಿಗಳು ಅಲ್ಲೇ ಇದ್ದವು, ಜೇಮ್ಸ್ ಪಿಟೀಲನ್ನು ಪೆಟ್ಟಿಗೆಗೆ ಹಾಕಿರಲಿಲ್ಲ, ಸಾಲ್ಯಾನರು ಹೇಳಿದರೆ ಸಭೆ ಮತ್ತೆ ಕೂರುತ್ತಿತ್ತು. ಮೋಹಿನಿ ಟೀಚರ್ ಅವರ ಹೆಗಲಾಚೆಗೆ ನೋಡಿದರು. ಅನ್ನದ ಪಾತ್ರೆಯಿಂದ ಹಬೆ ಕಡಿಮೆಯಾಗುತ್ತಿತ್ತು, ಜನ ತಟ್ಟೆ ಹಿಡಿದು ನಿಂತಿದ್ದರು.

"ಕಚೇರಿ ಆಗಿ ಆಯಿತು ಸರ್," ಎಂದರು. "ಊಟಕ್ಕೆ ಬನ್ನಿ. ತಣ್ಣಗಾಗುತ್ತದೆ."

ಮರುದಿನ ಅತ್ತೆ ಜಗಲಿಯಿಂದ ಓದಿ ಹೇಳಿದರು. ಕರುಣಾಕರ ಸ್ವಾಗತಿಸಿದರು, ಮೋಹಿನಿ ಪ್ರಾರ್ಥಿಸಿದರು. ಈಗ ಬೆಳಿಗ್ಗೆ ಗ್ರೈಂಡರು ಹಾಡಿಲ್ಲದೆ ಒಂದೇ ತಿರುಗುತ್ತದೆ, ಅಕ್ಕಿ ಹದಕ್ಕೆ ಬಂದ ಕೂಡಲೇ ನಿಲ್ಲುತ್ತದೆ. ದೋಸೆ ಮೊದಲಿನ ಹಾಗೆ ಚೆನ್ನಾಗಿ ಬರುತ್ತಿದೆ ಎಂದು ಮನೆಯವರಿಗೆ ಸಮಾಧಾನ. ಮೊನ್ನೆ ಯಾವುದೋ ವಿಚಾರ ಸಂಕಿರಣದಲ್ಲಿ ಎಡಮೂಲೆಯ ಹೂಕುಂಡದ ಪಕ್ಕ ಅನ್ನಪೂರ್ಣ ನಿಂತಿದ್ದಳು, ಪ್ರಾರ್ಥನೆಗೆ. ತನ್ನ ಬ್ಯಾಗನ್ನು ಅವಳೂ ಹೆಗಲಿನಿಂದ ಇಳಿಸಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ.

ಪ್ರತಿ ಊರಿನಲ್ಲೂ ಇಂಥ ಒಬ್ಬರಾದರೂ ಇರುತ್ತಾರೆ. ಎಲ್ಲರ ಹಸಿವು, ಎಲ್ಲರ ಅವಸರ ಅವರ ಮೈಯೊಳಗೆ ಗಡಿಯಾರದಂತೆ ನಡೆಯುತ್ತಿರುತ್ತದೆ. ತಮ್ಮ ಹೊತ್ತು ಬಂದಾಗಲೂ ಅದು ಬೇರೆಯವರ ಗಂಟೆಯನ್ನೇ ಹೊಡೆಯುತ್ತದೆ. ಅವರನ್ನು ಯಾರೂ ತಡೆಯಲಿಲ್ಲ ಎಂದು ಊರು ಹೇಳುತ್ತದೆ, ಅದು ಸುಳ್ಳೂ ಅಲ್ಲ. ಅವರ ಕೊರಳನ್ನು ಮುಚ್ಚಿದ ಕೈ ಯಾವುದೆಂದು ಹುಡುಕಲು ಹೋದರೆ ಸಿಗುವುದಿಲ್ಲ. ಅಷ್ಟರಲ್ಲಿ ಆ ಕೈ ಅವರದೇ ಇನ್ನೊಂದು ಕೈಯ ಜೊತೆ ಸೇರಿ ನಮಸ್ಕಾರವಾಗಿರುತ್ತದೆ.